ಬಾಗಿಲು ಮೊದಲು ತೆಗೆದವರು ಯಾರು

ಡಗ್ಲಸ್

ಐರ್ಲೆಂಡಿನಲ್ಲಿ ನಾನು ನೋಡಿದ್ದಕ್ಕಿಂತ ಒಣಹಾಕಿದ್ದೇ ಹೆಚ್ಚು. ಕಾಲುಚೀಲ, ಶಾಲು, ಸೀರೆಯ ಅಂಚು, ಒಮ್ಮೆ ಪಾಸ್‌ಪೋರ್ಟು ಕೂಡ. ಕಾರ್ಕ್ ನಗರದ ಡಗ್ಲಸ್ ಬಡಾವಣೆಯಲ್ಲಿರುವ ಗೆಳತಿ ನಸೀಮಾಳ ಮನೆಯಲ್ಲಿ ಬಿಸಿ ಮಾಡಲು ಕೋಣೆಗೊಂದು ರೇಡಿಯೇಟರ್ ಇದೆ. ಸಂಜೆ ಅದರ ಮೇಲೆ ಹರಡಿದ ಬಟ್ಟೆ ಬೆಳಗಾಗುವಷ್ಟರಲ್ಲಿ ಹಪ್ಪಳವಾಗಿರುತ್ತದೆ. ಹೊರಗೆ ಕಾಲಿಟ್ಟರೆ ಮತ್ತೆ ಮೊದಲಿನಂತೆ. ನಮ್ಮಲ್ಲಿ ಮಳೆ ನೆಂಟರ ಹಾಗೆ ಸದ್ದು ಮಾಡುತ್ತ ಬಂದು ಹೋಗುತ್ತದೆ. ಅಲ್ಲಿ ಅದು ಮನೆಯವರ ಹಾಗೆ ಸುಮ್ಮನೆ ಇರುತ್ತದೆ; ಯಾರೂ ತಲೆಯೆತ್ತಿ ನೋಡುವುದಿಲ್ಲ.

ನಾನು ಹೋಗುವಾಗಲೇ ದಣಿದಿದ್ದೆ. ಬೆಂಗಳೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತಳಾಗಿ ಹೆಚ್ಚು ಕಾಲವಾಗಿರಲಿಲ್ಲ. ವರ್ಷ ವರ್ಷವೂ ಅದೇ ಪ್ರಶ್ನೆ ಕೊಡುತ್ತಿದ್ದೆ: ಇಂಥ ರಾಜ್ಯದ ಪತನಕ್ಕೆ ಕಾರಣಗಳನ್ನು ವಿವರಿಸಿ, ಹತ್ತು ಅಂಕ. ಮಕ್ಕಳು ದುರ್ಬಲ ಉತ್ತರಾಧಿಕಾರಿ, ಸರದಾರರ ಒಳಜಗಳ, ಬರಿದಾದ ಬೊಕ್ಕಸ ಎಂದು ಬರೆಯುತ್ತಿದ್ದರು. ರಾಜ್ಯದ ಹೆಸರು ಬದಲಾದರೂ ಕಾರಣಗಳು ಬದಲಾಗುತ್ತಿರಲಿಲ್ಲ. ನಾನೂ ಅಂಕ ಕೊಡುತ್ತಿದ್ದೆ. ನಿವೃತ್ತಿಯ ಮೇಲೆ ನಸೀಮಾ ಫೋನು ಮಾಡಿ, "ಬಾರಲೇ ಪದ್ದೀ, ಎಷ್ಟಂತ ಮಂದೀ ಪತನ ಓದ್ತೀ, ಸ್ವಲ್ಪ ನಮ್ಮ ಮನಿ ನೋಡು ಬಾ" ಎಂದಾಗ ಎರಡು ಮಾತಿಲ್ಲದೆ ಒಪ್ಪಿದೆ.

ನಸೀಮಾ ಧಾರವಾಡದ ಹಾಸ್ಟೆಲಿನಲ್ಲಿ ನನ್ನ ಕೋಣೆಯವಳು. ನಾನು ಇತಿಹಾಸ, ಅವಳು ರಸಾಯನಶಾಸ್ತ್ರ. ಈಗ ರಿಂಗಾಸ್ಕಿಡಿಯ ಔಷಧ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ. ಗಂಡ ಹಾಲಿಹಿಲ್ ಕಡೆ ಕಂಪ್ಯೂಟರ್ ಕಂಪನಿಯೊಂದರಲ್ಲಿದ್ದಾನೆ. ನಾನಿದ್ದಷ್ಟು ದಿನವೂ ಅವನು ಹೆಡ್‌ಫೋನಿನೊಳಗೇ ಇದ್ದ. ಮಗಳು ಝೋಯಾಗೆ ಹದಿನೈದು. ನಾವು ಕನ್ನಡದಲ್ಲಿ ಏನು ಕೇಳಿದರೂ ಅವಳಿಗೆ ತಿಳಿಯುತ್ತದೆ. ಉತ್ತರ ಮಾತ್ರ ಕಾರ್ಕಿನ ರಾಗದ ಇಂಗ್ಲಿಷಿನಲ್ಲಿ ಬರುತ್ತದೆ.

ಇನ್ನೊಬ್ಬರು ನಸೀಮಾಳ ತಂದೆ ಮೆಹಬೂಬ್ ಸಾಬರು. ನನಗೆ ಚಾಚಾ. ವಿಜಯಪುರದ ಗೋಳಗುಮ್ಮಟದಲ್ಲಿ ಜೀವಮಾನವಿಡೀ ಗೈಡ್ ಆಗಿದ್ದವರು. ಊರಿನಲ್ಲಿ ತಮ್ಮನ ಸಂಸಾರದ ಜೊತೆ ಇದ್ದಾರೆ. ಕೆಲವು ತಿಂಗಳ ಹಿಂದೆ ನಸೀಮಾ ಅವರನ್ನು ಕರೆಸಿಕೊಂಡಿದ್ದಳು. ನಾನು ಹಿಂದಿರುಗುವ ವಿಮಾನದಲ್ಲೇ ಅವರಿಗೂ ಟಿಕೆಟ್ಟಿತ್ತು. ಆದರೆ ಆ ಟಿಕೆಟ್ಟನ್ನು ರದ್ದು ಮಾಡಿಸಿ, ವೀಸಾ ಮುಂದುವರಿಸಿ, ಅವರನ್ನು ತನ್ನಲ್ಲೇ ಇಟ್ಟುಕೊಳ್ಳಬೇಕೆಂಬುದು ನಸೀಮಾಳ ಹಟ. ಅವರು 'ಹೂಂ' ಅನ್ನುವುದೊಂದೇ ಬಾಕಿ. ಅವರು ಹೂಂ ಅನ್ನುತ್ತಿರಲಿಲ್ಲ, ಉಹುಂ ಅನ್ನುತ್ತಿರಲಿಲ್ಲ.

"ಮೊದಲ ನೋಡೂಣು ಅಂತಿದ್ರು. ಈಗ ಝೋಯಾ ಒಂದು ಕಲಿಸ್ಯಾಳ. ಏನ್ ಕೇಳಿದ್ರೂ ಗ್ರ್ಯಾಂಡ್ ಅಂತಾರ," ಎಂದಳು ನಸೀಮಾ, ನಾನು ಹೋದ ಮರುದಿನ ಅಡುಗೆಮನೆಯಲ್ಲಿ.

ಗ್ರ್ಯಾಂಡ್ ಎಂಬುದು ಆ ನಾಡಿನ ಸರ್ವರೋಗನಿವಾರಕ ಮಾತು. ಊಟ ಹೇಗಿದೆ, ಮೊಣಕಾಲು ನೋವು ಹೇಗಿದೆ, ನಿಮ್ಮ ಕಾಲು ತುಳಿದೆ, ಕ್ಷಮಿಸಿ: ಎಲ್ಲಕ್ಕೂ ಗ್ರ್ಯಾಂಡ್. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಚಾಚಾಗೆ ಹೇಳಿ ಮಾಡಿಸಿದಂತಿತ್ತು.

"ನೀ ಕೇಳು ಪದ್ದೀ. ನಿನ್ನ ಮುಂದ ಹೇಳ್ತಾರ," ಎಂದಳು. ಆಮೇಲೆ ಪಾತ್ರೆ ತೊಳೆಯುತ್ತ, ನನ್ನ ಕಡೆ ತಿರುಗದೆ, "ಅಮ್ಮಿ ಹೋದಾಗ ನಾ ಊರು ಮುಟ್ಟೂದ್ರೊಳಗ ಮಣ್ಣು ಮುಗಿದಿತ್ತು. ಮುಖ ಸೈತ ನೋಡಲಿಲ್ಲ. ಇನ್ನೊಮ್ಮೆ ಹಂಗಾಗಬಾರ್ದು. ಅಷ್ಟ ನೋಡು ನನ್ನ ಮಾತು," ಎಂದಳು.

ಅದೇ ಮಧ್ಯಾಹ್ನ ಹಿತ್ತಲಲ್ಲಿ ಚಾಚಾ ನನ್ನನ್ನು ಕರೆದರು. ಹುಲ್ಲಿನ ಮೇಲೆ ಪ್ಲಾಸ್ಟಿಕ್ ಕುರ್ಚಿ, ತಲೆಗೆ ಮಫ್ಲರ್.

"ಪದ್ಮಾ, ಆಕಿ ನನಗ ಬಾಳ ಮಾಡ್ಯಾಳ. ಆದ್ರ ನನ್ನ ಜೀವ ಅಲ್ಲೇ ಐತಿ. ಹೋಕ್ಕೀನಿ ಅಂತ ಆಕಿ ಮುಖಾ ನೋಡಿ ಹೆಂಗ ಅನ್ನಲಿ? ನೀನಾರ ಹೇಳವಾ."

ಮುತ್ತಿಗೆಯ ಕಾಲದಲ್ಲಿ ಎರಡೂ ಕಡೆಗೆ ಓಡಾಡುವ ರಾಯಭಾರಿಗಳ ಬಗ್ಗೆ ನಾನು ಪಾಠ ಹೇಳಿದ್ದೇನೆ. ಅವರಿಗೆ ಎಷ್ಟು ಸುಸ್ತಾಗುತ್ತಿತ್ತೆಂದು ಒಂದು ಸಲವೂ ಯೋಚಿಸಿರಲಿಲ್ಲ. ಇಬ್ಬರಿಗೂ 'ನೋಡೋಣ' ಎಂದೆ. ಇಬ್ಬರ ಮಾತನ್ನೂ ಇನ್ನೊಬ್ಬರಿಗೆ ಮುಟ್ಟಿಸಲಿಲ್ಲ.

ರಜೆಯ ದಿನ ಎಲ್ಲಾದರೂ ಹೋಗೋಣ ಎಂದಳು ನಸೀಮಾ. ಐರ್ಲೆಂಡಿನ ಕೊನೆಯ ಮಹಾರಾಜನನ್ನು ಹೂಳಿದ ಜಾಗಕ್ಕೆ ಹೋಗೋಣ ಎಂದು ನಾನೇ ಹೇಳಿದೆ. ಶ್ಯಾನನ್ ನದಿಯ ದಂಡೆಯ ಮೇಲಿನ ಹಳೆಯ ಮಠ, ಕ್ಲಾನ್‌ಮಕ್‌ನಾಯ್ಸ್. ಸಮುದ್ರದಾಚೆಯ ಇಂಗ್ಲಿಷ್ ದೊರೆ ಕೈಚಾಚಿದಾಗ ಇಲ್ಲಿಯ ಸಿಂಹಾಸನದಲ್ಲಿದ್ದವನು ರೋರಿ ಓಕಾನರ್.

"ದೂರ ಐತೇನು?" ಎಂದಳು.

"ದೂರ ಇದೆ."

"ಚಲೋ ಆತು. ಕಾರಿನ್ಯಾಗ ಎದ್ದು ಹೋಗಾಕ ಬರಂಗಿಲ್ಲ. ಅಬ್ಬಾ ಹೇಳಬೇಕಾಕ್ಕತಿ."

ಕ್ಯಾಶೆಲ್

ದಾರಿಯಲ್ಲಿ ಮೊದಲು ಸಿಗುವುದು ಕ್ಯಾಶೆಲ್. ಬಯಲಿನ ನಡುವೆ ಒಂದು ಬಂಡೆ, ಬಂಡೆಯ ಮೇಲೆ ಚಾವಣಿ ಇಲ್ಲದ ದೊಡ್ಡ ಚರ್ಚು. ಇದು ಮೊದಲು ಈ ದಕ್ಷಿಣದ ಸೀಮೆಯ ರಾಜರ ಪೀಠವಾಗಿತ್ತಂತೆ; ಆ ಮೇಲೆ ರಾಜನೊಬ್ಬ ಬಂಡೆಯನ್ನೇ ಚರ್ಚಿಗೆ ದಾನ ಕೊಟ್ಟ. ಬೇರೆಯವರು ಕಿತ್ತುಕೊಳ್ಳುವ ಮೊದಲು ದೇವರಿಗೆ ಕೊಟ್ಟುಬಿಡುವ ಜಾಣತನ ನಮ್ಮ ರಾಜರಿಗೂ ಹೊಸದಲ್ಲ.

ಏರಿಗೆ ನನ್ನ ಮೊಣಕಾಲು ಗೊಣಗಿತು. ಗುಮ್ಮಟದ ಕಡಿದಾದ ಮೆಟ್ಟಿಲನ್ನು ಪ್ರವಾಸಿಗಳ ಮುಂದೆ ನಡೆದು ಹತ್ತಿದ ಚಾಚಾ ಮಾತ್ರ ಕೈ ಹಿಂದೆ ಕಟ್ಟಿಕೊಂಡು ಮೇಲಕ್ಕೆ ಹೋದರು. ಚರ್ಚಿನ ನಡುಮಧ್ಯೆ ನಿಂತರು. ಸುತ್ತ ಒಂದು ಸಲ ನೋಡಿ, ಎರಡೂ ಕೈ ಎತ್ತಿ ಜೋರಾಗಿ ಒಂದು ಚಪ್ಪಾಳೆ ಹೊಡೆದರು.

ಗೋಳಗುಮ್ಮಟದ ಕೆಳಗೆ ಒಂದು ಚಪ್ಪಾಳೆ ಏಳಾಗುತ್ತದೆ. ಅಲ್ಲಿಯ ಗೈಡುಗಳಿಗೆ ಯಾವ ಕಟ್ಟಡದೊಳಗೆ ಹೋದರೂ ಮೊದಲು ಚಪ್ಪಾಳೆ ಹೊಡೆದು ನೋಡುವ ಚಟ. ಚಾಚಾ ನಸೀಮಾಳ ಮದುವೆಯ ಮಂಟಪದಲ್ಲೂ ಹೊಡೆದಿದ್ದರಂತೆ. ಕ್ಯಾಶೆಲ್‌ನಲ್ಲಿ ಪ್ರತಿಧ್ವನಿ ಬರಲಿಲ್ಲ. ಆದರೆ ಒಳಗೆ ಬರುತ್ತಿದ್ದ ಪ್ರವಾಸಿಗಳ ಗುಂಪೊಂದು, ಇದೇನೋ ಇಲ್ಲಿಯ ಶಿಷ್ಟಾಚಾರ ಇರಬೇಕೆಂದುಕೊಂಡು, ಎಲ್ಲರೂ ಸೇರಿ ಚಪ್ಪಾಳೆ ತಟ್ಟಿಬಿಟ್ಟರು. ಚಾಚಾ ಸಂಕೋಚದಿಂದ ಕೈಮುಗಿದರು. ಚಪ್ಪಾಳೆ ಇನ್ನಷ್ಟು ಜೋರಾಯಿತು.

"ಓ ಮೈ ಗಾಡ್, ನಾನಾ," ಎಂದು ಝೋಯಾ ಅಜ್ಜನಿಂದ ದೂರ ಒಂದು ಕಂಬದ ಹಿಂದೆ ಹೋಗಿ ನಿಂತಳು.

"ಮ್ಯಾಲ ಮುಚ್ಚಿಗಿ ಇಲ್ಲದ ಮನಿಯೊಳಗ ಮಾತು ತಿರುಗಿ ಬರೂದಿಲ್ಲವಾ," ಎಂದರು ಚಾಚಾ ನನಗೆ.

ಅಲ್ಲಿ ಒಂದು ಕಲ್ಲಿನ ಮೇಲೆ ಕೂತು, ಹಾಸ್ಟೆಲಿನ ರಜೆಯಲ್ಲಿ ನಸೀಮಾ ನನ್ನನ್ನು ವಿಜಯಪುರಕ್ಕೆ ಕರೆದೊಯ್ದದ್ದನ್ನು ನೆನೆದೆ. ಚಾಚಾ ಆಗ ನಮ್ಮಿಬ್ಬರನ್ನೂ ಗುಮ್ಮಟದ ಮೇಲಿನ ಗ್ಯಾಲರಿಗೆ ಹತ್ತಿಸಿದ್ದರು. ಅಲ್ಲಿ ಒಂದು ಬದಿಯ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕಿವಿಯಿಟ್ಟವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಹತ್ತಿರ ನಿಂತ ಗೈಡಿಗೂ ಎಷ್ಟೋ ಕೇಳಿಬಿಡುತ್ತದೆ. ಹೊಸ ಜೋಡಿಗಳ ಮಾತು, ಜಗಳವಾಡಿಕೊಂಡು ಬಂದವರ ಮಾತು. ಅದಕ್ಕೇ ಹಳೆಯ ಗೈಡುಗಳಲ್ಲಿ ಒಂದು ಪದ್ಧತಿ ಇತ್ತು. ಜನ ಗೋಡೆಗೆ ಬಾಯಿಟ್ಟ ಕೂಡಲೆ ಗೈಡ್ ಬೆನ್ನು ತಿರುಗಿಸಬೇಕು. ಏನಾದರೂ ಕಿವಿಗೆ ಬಿದ್ದರೆ ಕೆಮ್ಮಬೇಕು. "ಗೈಡ್ ಕೆಮ್ಮಿದಾ ಅಂದ್ರ, ಕೇಳಿದ್ದು ಆಂವನ ಹೊಟ್ಟಿಯೊಳಗ ಸತ್ತಂಗ. ಹೊಳ್ಳಿ ಯಾರೂ ಕೇಳಬಾರ್ದು, ಆಂವ ಹೇಳಬಾರ್ದು," ಎಂದು ಚಾಚಾ ವಿವರಿಸಿದ್ದರು.

ಅಂದೇ ಅವರು ನಮ್ಮನ್ನು ಕಡೆಯ ಸುಲ್ತಾನ ಸಿಕಂದರನ ಗೋರಿಗೂ ಕರೆದೊಯ್ದರು. ಅದು ಪ್ರವಾಸಿಗಳು ಹೋಗುವ ಜಾಗವಲ್ಲ. ಗುಮ್ಮಟವಿಲ್ಲ, ಕಮಾನಿಲ್ಲ, ಬಯಲಲ್ಲಿ, ಗುರುವಿನ ಗೋರಿಯ ಪಾದದ ಬಳಿ ಒಂದು ಸಾದಾ ಗೋರಿ. ಹದಿಹರೆಯದಲ್ಲೇ ಮೊಘಲರಿಗೆ ಕೋಟೆಯನ್ನು ಒಪ್ಪಿಸಿ, ಉಳಿದ ಆಯುಷ್ಯವನ್ನು ಸೆರೆಯಲ್ಲಿ ಕಳೆದವನು. ಅವತ್ತು ಸಣ್ಣ ಮಳೆ ಬರುತ್ತಿತ್ತು, ಚಾಚಾ ಟೋಪಿ ತೆಗೆದು ಒದ್ದೆ ಎಲೆಗಳನ್ನು ಗೋರಿಯ ಮೇಲಿಂದ ಸರಿಸಿದರು ಎಂದು ನನಗೆ ಚೆನ್ನಾಗಿ ನೆನಪಿದೆ. ಅದನ್ನೇ ನಸೀಮಾಗೆ ಹೇಳಿದೆ.

"ಯಾವ ಮಳಿ?" ಎಂದಳು ನಸೀಮಾ. "ಮೇ ತಿಂಗಳಾ. ನೆಲಕ್ಕ ಕಾಲಿಡಾಕ ಬರತಿದ್ದಿಲ್ಲ. ನೀ ಬರೇ ಕಾಲಿಲೆ ಕುಣದಾಡಿದ್ದಿ, ನಾ ನಕ್ಕಿದ್ದೆ."

ಆ ಕುಣಿತ ನನಗೆ ನೆನಪೇ ಇಲ್ಲ. ಆ ಮಳೆ ಅವಳಿಗಿಲ್ಲ. ಒಂದೇ ಗೋರಿಯ ಮುಂದೆ ಒಟ್ಟಿಗೆ ನಿಂತ ಇಬ್ಬರ ಗತಿ ಇದು. ಇಂಥ ನೆನಪನ್ನು ನಂಬಿಕೊಂಡು ನಾನು ಇಷ್ಟು ವರ್ಷ ಮಂದಿಯ ಉತ್ತರಪತ್ರಿಕೆಗೆ ಕೆಂಪು ಗೆರೆ ಎಳೆದೆ.

ಬರ್ ಎಂಬ ಊರು

ಹೆದ್ದಾರಿ ಬಿಟ್ಟ ಮೇಲೆ ರಸ್ತೆ ನಮ್ಮ ಹೊಲದ ದಾರಿಯಷ್ಟೇ ಅಗಲ. ಎರಡೂ ಬದಿಗೆ ಎತ್ತರದ ಮುಳ್ಳುಬೇಲಿ. ಎದುರಿನಿಂದ ಬರುವ ಪ್ರತಿಯೊಬ್ಬ ಚಾಲಕನೂ ಸ್ಟೇರಿಂಗಿನ ಮೇಲಿಂದ ಒಂದೇ ಒಂದು ಬೆರಳು ಎತ್ತುತ್ತಾನೆ. ಪರಿಚಯ ಬೇಕಿಲ್ಲ, ದಾರಿಯಲ್ಲಿ ಎದುರಾದದ್ದೇ ಪರಿಚಯ. ಮುಂದೆ ಕೂತ ಚಾಚಾ ಮೊದಮೊದಲು ಬೆಚ್ಚಿದರು, ಆಮೇಲೆ ಪ್ರತಿ ಕಾರಿಗೂ ಕೈ ಹಣೆಗೊಯ್ದು ಸಲಾಮು ಮಾಡತೊಡಗಿದರು. ಟ್ರ್ಯಾಕ್ಟರಿನ ಮುದುಕನೊಬ್ಬ ಖುಷಿಯಾಗಿ ತಾನೂ ಸಲಾಮು ಹಾಕಿ, ಬೇಲಿಗೆ ಟ್ರೇಲರ್ ಉಜ್ಜಿಕೊಂಡು ಹೋದ. ಆ ಟ್ರ್ಯಾಕ್ಟರಿಗೆ ದಾರಿ ಬಿಡಲು ನಸೀಮಾ ಹಿಂದಕ್ಕೆ ತೆಗೆದ ಕಾರಿನ ಹಿಂದಿನ ಗಾಲಿ ಚರಂಡಿಗಿಳಿಯಿತು. ಝೋಯಾ ಮತ್ತು ನಾನು ಇಳಿದು ದೂಡಿದೆವು. ನನ್ನ ಸೀರೆಯನ್ನು ಮತ್ತೆ ಒಣಹಾಕಬೇಕಾಯಿತು.

ಕಾರು ಮೇಲೆ ಬಂದ ನಂತರ, ಬಹುಶಃ ಆ ಸಿಟ್ಟಿಗೇ, ನಸೀಮಾ ಕೇಳಿಯೇಬಿಟ್ಟಳು. ಅಪ್ಪ ಮಗಳು ತಮ್ಮತಮ್ಮಲ್ಲಿ ದಖನಿ ಮಾತಾಡುತ್ತಾರೆ. ನಾನಿದ್ದರೆ, ನನಗಾಗಿ, ಕನ್ನಡ.

"ಅಬ್ಬಾ, ಸೀದಾ ಹೇಳ್ರಿ. ಟಿಕೆಟ್ ಕ್ಯಾನ್ಸಲ್ ಮಾಡಸ್ಲೋ ಬ್ಯಾಡೋ?"

"ಗ್ರ್ಯಾಂಡ್," ಎಂದರು ಚಾಚಾ, ಎದುರಿನ ವ್ಯಾನಿಗೆ ಸಲಾಮು ಮಾಡುತ್ತ.

"ಗ್ರ್ಯಾಂಡ್ ಅಂದ್ರ ಏನ್ರಿ? ಇರ್ತೀರೋ ಹೋಗ್ತೀರೋ?"

"ನಿನಗ ಹೆಂಗ ಸರಿ ಅನಸ್ತದ ಹಂಗ."

"ನನಗ ಸರಿ ಅನಸೂದು ಕೇಳಲಿಲ್ಲ ನಾ!"

"ಮಾಮ್, ಲೀವ್ ಹಿಮ್ ಬಿ, ಲೈಕ್," ಎಂದಳು ಹಿಂದಿನಿಂದ ಝೋಯಾ.

"ನೀ ಬಾಯಿ ಮುಚ್ಚು."

ಕನ್ನಡಿಯಲ್ಲಿ ನಸೀಮಾ ನನ್ನನ್ನು ನೋಡಿದಳು. ರಾಯಭಾರಿ ಕಿಟಕಿಯ ಹೊರಗಿನ ಕುರಿಗಳನ್ನು ಎಣಿಸುತ್ತಿದ್ದಳು.

ಬರ್ ಊರಿನಲ್ಲಿ ಮಳೆ ಸ್ವಲ್ಪ ಬಿಟ್ಟಿತು. ಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚಿದೆವು: ಕಟಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ನಾಯಿ ಹಿಡಿದುಕೊಂಡು ಬಂದ ಅಜ್ಜಿಯೊಬ್ಬಳು ಹವೆಯ ಬಗ್ಗೆ ನಮ್ಮ ಕ್ಷಮೆ ಕೇಳಿದಳು, ಅವಳೇ ಮಳೆ ಸುರಿಸಿದವಳಂತೆ. ಚಾಚಾ ಅವಳಿಗೆ ಒಂದು ಚೂರು ರೊಟ್ಟಿ ಕೊಟ್ಟರು. ಅವಳು ಕಟುಮ್ ಎಂದು ಕಡಿದು, ಬಹಳ ಹೊತ್ತು ಅಗಿದು, "ದಟ್ಸ್ ಗ್ರ್ಯಾಂಡ್" ಎಂದಳು. ಅದರ ನಿಜವಾದ ಅರ್ಥ ನಮಗೆಲ್ಲ ಆ ಹೊತ್ತಿಗೆ ಗೊತ್ತಿತ್ತು. ನಸೀಮಾ ಕೂಡ ನಕ್ಕಳು. ಆಮೇಲೆ ಚಾಚಾನ ಮಫ್ಲರನ್ನು ಬಿಚ್ಚಿ, ಒದ್ದೆಯಾದ ಬದಿ ಹೊರಗೆ ಬರುವಂತೆ ತಿರುಗಿಸಿ, ಮತ್ತೆ ಸುತ್ತಿದಳು. ಅವರು ಮಗುವಿನಂತೆ ಗದ್ದ ಎತ್ತಿ ಕೊಟ್ಟರು. ಇವರು ಸುಲಭವಾಗಿ ಬಾಯಿಬಿಡುವ ಜನವಲ್ಲವೆಂದು ನನಗೆ ಆಗ ಖಾತ್ರಿಯಾಯಿತು.

ಕ್ಲಾನ್‌ಮಕ್‌ನಾಯ್ಸ್

ಕಡೆಯ ಮಹಾರಾಜನಿಗೆ ಗುಮ್ಮಟ ಇರಲಿಕ್ಕಿಲ್ಲ ಎಂದು ಗೊತ್ತಿತ್ತು. ಆದರೂ ಏನಾದರೂ ಇದ್ದೀತು ಎಂದುಕೊಂಡಿದ್ದೆ. ನದಿ ಬೂದು ಬಣ್ಣದ್ದು, ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದು. ದಂಡೆಯಲ್ಲಿ ಕಲ್ಲಿನ ಗೋಪುರ, ಶಿಲುಬೆಗಳು, ವಾಲಿದ ಸಮಾಧಿಗಲ್ಲುಗಳು, ಚಾವಣಿಯಿಲ್ಲದ ಸಣ್ಣ ಸಣ್ಣ ಚರ್ಚುಗಳು. ಅವುಗಳಲ್ಲಿ ದೊಡ್ಡದರೊಳಗೆ, ಪೂಜೆಯ ಪೀಠ ಇದ್ದ ಕಡೆ, ರೋರಿಯನ್ನು ಹೂಳಿದ್ದಾರೆಂದು ಹೇಳುತ್ತಾರೆ. ನನ್ನ ಕಣ್ಣಿಗೆ ಗುರುತೇನೂ ಬೀಳಲಿಲ್ಲ. ಹುಲ್ಲು ಮತ್ತು ನೀರು ನಿಂತ ತಗ್ಗು, ಅಷ್ಟೆ.

ಅಲ್ಲಿಯ ಗೈಡ್ ಒಬ್ಬಳು ನಡುವಯಸ್ಸಿನ ಹೆಂಗಸು, ಹಳದಿ ಮಳೆಯಂಗಿ. ನಾವು ಅವಳ ಗುಂಪಿಗೆ ಸೇರಿಕೊಂಡೆವು. ಚಾಚಾ ಇದ್ದಕ್ಕಿದ್ದಂತೆ ಎಚ್ಚರಾದರು. ಅವಳು ಎಲ್ಲಿ ನಿಲ್ಲುತ್ತಾಳೆ, ಗಾಳಿಗೆ ಬೆನ್ನು ಕೊಟ್ಟು ಮಾತು ಹೇಗೆ ಎಸೆಯುತ್ತಾಳೆ ಎಂದೇ ಅವರ ಗಮನ. "ಕಸುಬು ಗೊತ್ತೈತಿ ಆಕೀಗೆ," ಎಂದು ನನ್ನ ಕಿವಿಯಲ್ಲಿ ಹೇಳಿದರು. "ಕಥಿ ಸುರು ಮಾಡೂಕಿಂತ ಮೊದಲ ಮಂದಿ ಕಾಲ ನೋಡಿದ್ಲು. ಕಾಲು ದಣದಾವು ಅಂದ್ರ ಸಣ್ಣ ಕಥಿ ಹೇಳಬೇಕು."

ಅವಳು ಹೇಳಿದ ಕಥೆ ಸಣ್ಣದೇ. ಇಂಗ್ಲಿಷ್ ದೊರೆ ಬಂದ. ರೋರಿ ಕಾದಾಡಿದ, ಸೋತ, ಒಪ್ಪಂದ ಮಾಡಿಕೊಂಡ: ನೀನು ದೊರೆ, ನಿನ್ನ ಕೆಳಗೆ ನಾನು ದೊರೆ. ಒಪ್ಪಂದ ಹಾಳೆಯ ಮೇಲೆ ಉಳಿಯಿತು. ನೆಲ ಚೂರುಚೂರಾಗಿ ಹೋಗುತ್ತ ಬಂತು. ಮಕ್ಕಳು ತಿರುಗಿಬಿದ್ದರು. ಕಡೆಗೆ ರಾಜ ಎಲ್ಲ ಬಿಟ್ಟು ಮಠವೊಂದಕ್ಕೆ ಹೋಗಿ ಕೂತ, ವರ್ಷಗಟ್ಟಲೆ ಬದುಕಿ ಅಲ್ಲಿಯೇ ಸತ್ತ. ತಾನಾಗಿ ಬಿಟ್ಟನೆಂದು ಕೆಲವರು, ಮಗನೇ ಹೊರಡಿಸಿದನೆಂದು ಕೆಲವರು. ಯಾರು ಸರಿಯೋ ತಿಳಿಯದು, ಎಂದಳು ಆ ಗೈಡ್, ಮತ್ತು ಮಳೆಗಾಗಿ ಕ್ಷಮೆ ಕೇಳಿದಳು.

"ಝೋಯಾ, ಬೇಡಿ ಹಾಕಿದ್ರೇನು ಇವರ ರಾಜಗ, ಕೇಳು," ಎಂದರು ಚಾಚಾ.

ಝೋಯಾ ಕೇಳಿದಳು. ಇಲ್ಲ, ಬೇಡಿ ಇರಲಿಲ್ಲ.

ಚಾಚಾ ನಿಟ್ಟುಸಿರುಬಿಟ್ಟರು. "ಹಂಗಾರ ಈಕೀದು ಬಾಳ ಕಷ್ಟದ ಕೆಲಸ. ನಮ್ಮ ಸಿಕಂದರಗ ಬೆಳ್ಳಿ ಬೇಡಿ ಹಾಕಿದ್ರು ಅಂತ ಹೇಳಿದ ಕೂಡ್ಲೇ ಮಂದಿ ಕಣ್ಣಾಗ ನೀರ ಬರ್ತಾವ. ಬೇಡಿ ಇಲ್ಲದ ರಾಜನ ಕಥಿ ಹೆಂಗ ಹೇಳಬೇಕು?"

ಗುಂಪು ಮುಂದೆ ಹೋಯಿತು. ನಾವು ನಾಲ್ವರೂ ಆ ತಗ್ಗಿನ ಬಳಿ ಉಳಿದೆವು. ಚಾಚಾ ಹುಲ್ಲಿನ ಮೇಲೆ ಬಿದ್ದಿದ್ದ ಒಂದು ಚಾಕೊಲೇಟಿನ ಹಾಳೆಯನ್ನು ಬಗ್ಗಿ ಎತ್ತಿಕೊಂಡು ಕೋಟಿನ ಕಿಸೆಗೆ ಹಾಕಿದರು.

"ಸಿಕಂದರನ್ನ ಮಂದಿ ಹೇಡಿ ಅಂತಾರ," ಎಂದರು. ಯಾರಿಗೆ ಹೇಳುತ್ತಿದ್ದರೋ, ಅವರ ಗೈಡಿನ ದನಿ ಅದು, ಸ್ವಲ್ಪ ಎತ್ತರದ್ದು. "ಕ್ವಾಟಿಯೊಳಗ ಕಾಳಿಲ್ಲ, ಕುದರಿಗೆ ಹುಲ್ಲಿಲ್ಲ. ಹೊರಗ ದಂಡು ಕುಂತದ, ಅದಕ್ಕೂ ಸಾಕಾಗೇದ. ಒಳಗಿನವ್ರು ಬಾಯಿ ಬಿಡಾಂಗಿಲ್ಲ, ಹೊರಗಿನವ್ರು ಏಳಾಂಗಿಲ್ಲ. ಎರಡೂ ಕಡೆ ಮಂದಿ ಸಾಯ್ತಾರ. ಯಾರಾರ ಒಬ್ರು ಬಾಗಲಾ ತಗೀಬೇಕು. ತಗದಾಂವ ಸೋತಾಂವ ಅಂತ ಬರೀತಾರ. ಬರಕೊಳ್ಳಲಿ."

ಜಾಕೆಟ್ಟಿನ ಟೋಪಿಯೊಳಗೆ ನಸೀಮಾಳ ಮುಖ ನನಗೆ ಕಾಣುತ್ತಿರಲಿಲ್ಲ.

ಆ ಚರ್ಚಿನ ಉತ್ತರದ ಬಾಗಿಲಿಗೆ ಬಂದಾಗ ಗೈಡ್ ನಮಗಾಗಿ ಕಾಯುತ್ತಿದ್ದಳು. ಕಮಾನಿನ ಬಾಗಿಲು, ಮೇಲೆ ಮೂವರು ಸಂತರ ಕೆತ್ತನೆ, ಬದಿಗಳಲ್ಲಿ ಆಳವಾದ ಕಲ್ಲಿನ ಗೀರು. ಇದಕ್ಕೆ ಪಿಸುಮಾತಿನ ಬಾಗಿಲೆನ್ನುತ್ತಾರೆ, ಎಂದಳು. ಒಂದು ಬದಿಯ ಗೀರಿಗೆ ಬಾಯಿಟ್ಟು ಮೆಲ್ಲಗೆ ಹೇಳಿದ ಮಾತು ಕಮಾನನ್ನು ಹತ್ತಿ ಇಳಿದು ಇನ್ನೊಂದು ಬದಿಯ ಕಿವಿಗೆ ಬೀಳುತ್ತದಂತೆ. ಹಿಂದೆ ಕುಷ್ಠರೋಗಿಗಳು ಈ ಬದಿಗೆ ನಿಂತು, ಆ ಬದಿಯ ಪಾದ್ರಿಗೆ, ಮುಖ ತೋರಿಸದೆ, ಮುಟ್ಟದೆ, ತಮ್ಮ ಪಾಪ ಹೇಳಿಕೊಳ್ಳುತ್ತಿದ್ದರಂತೆ. ಇದು ನಾನು ಮೊದಲೇ ಓದಿದ್ದೆನೋ, ಓದಿಯೇ ಈ ಜಾಗ ಆರಿಸಿದ್ದೆನೋ ಎಂದು ಈಗ ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ಬಾಗಿಲು ಕಂಡಾಗ ಬೆಚ್ಚಿದ ನೆನಪಿದೆ. ಆ ನೆನಪನ್ನೂ ನಾನು ಪೂರ್ತಿ ನಂಬುವುದಿಲ್ಲ.

ಯಾರಾದರೂ ಇಬ್ಬರು ಬನ್ನಿ, ಎಂದಳು ಗೈಡ್. ಅವಳ ಮಾತು ಮುಗಿಯುವ ಮೊದಲೇ ಚಾಚಾನ ಕೈ ಮೇಲಿತ್ತು.

ಅವರು ನಸೀಮಾಳ ಭುಜ ಹಿಡಿದು ಬಲಬದಿಗೆ ನಿಲ್ಲಿಸಿದರು. ಎಷ್ಟೋ ಸಾವಿರ ಅಪರಿಚಿತರ ತಲೆಯನ್ನು ಸರಿಪಡಿಸಿದ ಕೈಯಿಂದ ಅವಳ ತಲೆಯನ್ನು ತುಸು ವಾಲಿಸಿದರು. "ಕಿವಿ ಹಿಂಗ. ಕಲ್ಲಿಗೆ ತಾಗಬಾರ್ದು, ಬಿಡಲೂಬಾರ್ದು." ತಾವು ಎಡಬದಿಗೆ ಹೋದರು. ಗುಂಪಿನ ಕಡೆ ತಿರುಗಿ, ನನಗೆ ಬಹಳ ಹಳೆಯ ಪರಿಚಯದ ಆ ಇಂಗ್ಲಿಷಿನಲ್ಲಿ, "ಲೇಡೀಸ್ ಆ್ಯಂಡ್ ಜಂಟಲ್‌ಮನ್, ಪಿನ್‌ಡ್ರಾಪ್ ಸೈಲೆನ್ಸ್ ಪ್ಲೀಸ್," ಎಂದರು. ಆ ದೇಶದ ಗೈಡ್ ಕೂಡ ಕೈಕಟ್ಟಿ ನಿಂತಳು.

ಅಪ್ಪ ಮಗಳು ಒಬ್ಬರಿಗೊಬ್ಬರು ಬೆನ್ನು ಹಾಕಿ ಕಲ್ಲಿನತ್ತ ಮುಖ ಮಾಡಿದರು.

ನಾನು ತಿರುಗಿ ನದಿಯ ಕಡೆ ನೋಡಿದೆ. ಪದ್ಧತಿ ಅದು. ಯಾವುದೋ ಒಂದು ಸಣ್ಣ ಸದ್ದು ಕಿವಿಗೆ ಬಿತ್ತು, ಮಾತೋ ಗಾಳಿಯೋ. ನಾನು ಕೆಮ್ಮಿದೆ. ಮತ್ತೆ ತಿರುಗಿದಾಗ ನಸೀಮಾಳ ಎರಡೂ ಅಂಗೈ ಕಲ್ಲಿನ ಮೇಲಿದ್ದವು. ಅವಳ ಮುಖ ಒದ್ದೆಯಾಗಿತ್ತು. ನಮ್ಮೆಲ್ಲರ ಮುಖವೂ ಒದ್ದೆಯಾಗಿತ್ತು.

"ಕೇಳಿಸಿತೇ?" ಎಂದು ಗೈಡ್ ಇಂಗ್ಲಿಷಿನಲ್ಲಿ ಕೇಳಿದಳು.

"ಗ್ರ್ಯಾಂಡ್," ಎಂದರು ಚಾಚಾ.

ಮತ್ತೆ ಡಗ್ಲಸ್

ಹಿಂದಿರುಗುವಾಗ, ಕ್ಯಾಶೆಲಿನ ಬಂಡೆ ದೂರದಲ್ಲಿ ಹಿಂದೆ ಸರಿದ ಮೇಲೆ ನಸೀಮಾ, ರಸ್ತೆಯಿಂದ ಕಣ್ಣು ತೆಗೆಯದೆ, "ಪದ್ದೀ, ಅಬ್ಬಾನ ಸೂಟ್‌ಕೇಸಿನ ಗಾಲಿ ಮುರದೈತಿ. ನಾಳೆ ಶಾಪಿಂಗ್ ಸೆಂಟರಿಗೆ ಹೋಗಿ ಹೊಸದು ತರೂಣು," ಎಂದಳು.

ಚಾಚಾ ನಿದ್ದೆ ಹೋಗಿದ್ದರು, ಅಥವಾ ಹಾಗೆ ಕಾಣುತ್ತಿದ್ದರು. ಝೋಯಾ ಕಿಟಕಿಗೆ ಹಣೆ ಒತ್ತಿಕೊಂಡು ಅಳುತ್ತಿದ್ದಳು. ಅಳುವುದಕ್ಕೆ ಭಾಷೆ ಬೇಕಿರಲಿಲ್ಲ. ನನಗೆ ಮಾತ್ರ ಸಮಾಧಾನವಾಗಬೇಕಿತ್ತು, ಬರೀ ಸುಸ್ತಾಯಿತು.

ಹೊಸ ಸೂಟ್‌ಕೇಸಿಗೆ ಬಟ್ಟೆ ಮಡಿಸಿಡುತ್ತ ನಸೀಮಾಳೇ ಹೇಳಿದಳು. "ಅಬ್ಬಾನೇ ಕೇಳಿದ್ರು. ನನ್ನ ಬಿಡವಾ, ನಾ ಹೋಗ್ತೀನಿ ಅಂದ್ರು. ಕಲ್ಲಿನೊಳಗಿಂದ ಬಂದಂಗ ಬಂತು. ಮುಖಾ ನೋಡಿ ಕೇಳಿದ್ದರ ಒಲ್ಲೆ ಅಂತಿದ್ದೆ." ಒಂದು ಸ್ವೆಟರನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. "ತಾವಾಗೇ ಕೇಳಿದ್ರಲ್ಲ. ನಾ ಕಳಿಸಲಿಲ್ಲ. ಅಷ್ಟ ಸಾಕು ನನಗ. ನಾಳೆ ಏನರ ಆದ್ರ, ಅವರ ಆಸೆ ನಡಸೀನಿ ಅಂತ ಅನಕೊಳ್ತೀನಿ."

ಕಡೆಯ ಬೆಳಗ್ಗೆ ವಿಮಾನ ನಿಲ್ದಾಣದಲ್ಲಿ ಅವಳು ಅಳಲಿಲ್ಲ. ಮಫ್ಲರನ್ನು ಮತ್ತೊಮ್ಮೆ ಸುತ್ತಿದಳು. ಚಾಚಾ ಮತ್ತೊಮ್ಮೆ ಗದ್ದ ಎತ್ತಿ ಕೊಟ್ಟರು.

ಆಕಾಶ

ಎರಡನೆಯ ವಿಮಾನದಲ್ಲಿ, ಊಟದ ತಟ್ಟೆಗಳನ್ನು ತೆಗೆದ ನಂತರ, ಚಾಚಾ ಕಿಟಕಿಯ ಪರದೆ ಎಳೆದು ನನ್ನತ್ತ ವಾಲಿದರು.

"ಆಕೀ ಮನಸ್ಸು ಬಾಳ ದೊಡ್ಡದು ಪದ್ಮಾ."

"ಯಾಕೆ ಚಾಚಾ?"

"ಆ ಬಾಗಲದಾಗ ನಾ ಏನೂ ಅನ್ನಲಿಲ್ಲ. ಅನಬೇಕಂತ ಹ್ವಾದೆ. ಬಾಯಿ ಬರಲಿಲ್ಲ. ಸುಮ್ಮ ಕಿವಿ ಕೊಟ್ಟು ನಿಂತೆ. ಆಕಿನೇ ಅಂದ್ಲು, ಅಬ್ಬಾ ನೀವು ಹೋಗ್ರಿ, ನಾ ಸಿಟ್ಟಾಗಂಗಿಲ್ಲ ಅಂತ." ಅವರ ಕಣ್ಣು ತೇವವಾಗಿತ್ತು, ಮುಖ ನಗುತ್ತಿತ್ತು. "ನಾ ಕೇಳದೇ ಬಿಟ್ಟುಕೊಟ್ಲು. ನಾ ಆಕೀನ್ನ ಬಿಟ್ಟು ಬಂದೆ ಅನ್ನೂ ಮಾತ ಇಲ್ಲ ಇನ್ನ. ಆಕಿನೇ ಬಾಗಲಾ ತಗದ್ಲು."

ನಾನು ಮೊಣಕಾಲಿನ ಮೇಲೆ ಕಂಬಳಿ ಎಳೆದುಕೊಂಡೆ.

ಇಬ್ಬರಲ್ಲಿ ಒಬ್ಬರು ತಪ್ಪು ನೆನಪಿಟ್ಟುಕೊಂಡಿರಬೇಕು. ಇಬ್ಬರೂ ತಪ್ಪಿರಬಹುದು. ಮೂರನೆಯ ಸಾಕ್ಷಿ ನಾನು, ಕೆಲವೇ ಹೆಜ್ಜೆ ದೂರದಲ್ಲಿದ್ದೆ, ಇತಿಹಾಸ ಓದಿದವಳು. ಬೆನ್ನು ತಿರುಗಿಸಿ ನಿಂತಿದ್ದೆ. ರೋರಿ ತಾನಾಗಿ ಬಿಟ್ಟನೋ ಮಗ ಹೊರಡಿಸಿದನೋ, ಸಿಕಂದರ ತಾನೇ ಹೊರಬಂದನೋ ಸರದಾರರು ಕಳಿಸಿದರೋ ಎಂದು ನನ್ನ ವಿದ್ಯಾರ್ಥಿಗಳು ಎರಡೂ ಬರೆದರೆ ನಾನು ಅಂಕ ಕಳೆಯುತ್ತಿದ್ದೆ. ಒಂದನ್ನು ಆರಿಸಿ, ಆಧಾರ ಕೊಡಿ ಎನ್ನುತ್ತಿದ್ದೆ. ಅಂದು ಬರೆದಿಟ್ಟವರಿಗೆ ಆ ಒಂದು ವಾಕ್ಯ ಬದುಕಲು ಬೇಕಾಗಿದ್ದಿರಬಹುದೆಂದು ಯೋಚಿಸಿರಲಿಲ್ಲ. ನಸೀಮಾಗೆ ಅವರು ಕೇಳಿದ್ದು ಬೇಕು. ಚಾಚಾಗೆ ಅವಳು ಕೊಟ್ಟದ್ದು ಬೇಕು.

ಬೆಂಗಳೂರಿನಲ್ಲಿ ಅವರ ತಮ್ಮನ ಮಗ ಕಾಯುತ್ತಿದ್ದ. ಚಾಚಾ ನಿಲ್ದಾಣದ ದೊಡ್ಡ ಹಜಾರದ ನಡುವೆ ನಿಂತು, ತಲೆಯೆತ್ತಿ ಚಾವಣಿ ನೋಡಿದರು. ನಾನು ಅವರ ಕೈ ಹಿಡಿದುಕೊಂಡೆ. "ಬ್ಯಾಡೇಳು," ಎಂದು ಅವರೇ ನಕ್ಕರು.

ಮನೆ

ಈಗ ಚಾಚಾ ಊರಿನಲ್ಲಿ ಚೆನ್ನಾಗಿದ್ದಾರೆ. ಸಿಕಂದರನ ಗೋರಿಯ ಕಡೆ ಹೋಗಿ ಬಂದರಂತೆ. ಎಲೆ ಬಿದ್ದಿದ್ದವಂತೆ, ಮಳೆ ಬಂದಿತ್ತೇ ಎಂದು ನಾನು ಕೇಳಲಿಲ್ಲ.

ಮೊನ್ನೆ ನಸೀಮಾ ಫೋನು ಮಾಡಿದ್ದಳು. ಪಾಳಿ ಮುಗಿಸಿ ಬಂದಿದ್ದಳು, ದನಿ ಸೋತಿತ್ತು. ಝೋಯಾ ನಾನಾಗೆ ಫೋನಿನಲ್ಲಿ ಕನ್ನಡದ ನಾಲ್ಕು ಮಾತಾಡುತ್ತಾಳೆ, ನಾಲ್ಕರಲ್ಲಿ ಮೂರು ಗ್ರ್ಯಾಂಡ್, ಎಂದಳು. ನಕ್ಕೆವು. ಆಮೇಲೆ ಕೇಳಿದಳು.

"ಪದ್ದೀ, ವಿಮಾನದಾಗ ಅಬ್ಬಾ ಏನರ ಅಂದ್ರೇನು? ಆ ಬಾಗಲದ ಸುದ್ದಿ?"

ನಾನು ಫೋನನ್ನು ತುಸು ದೂರ ಹಿಡಿದು ಕೆಮ್ಮಿದೆ.

ಆಚೆ ಬದಿಯಲ್ಲಿ ಅವಳು ಮತ್ತೆ ಅದನ್ನು ಕೇಳಲಿಲ್ಲ. ಗೈಡಿನ ಮಗಳು. ಅಲ್ಲಿ ಇನ್ನೂ ಮಳೆ ಬಿಟ್ಟಿಲ್ಲವೆಂದೂ, ನಾನು ಮರೆತು ಬಂದ ಕಾಲುಚೀಲ ರೇಡಿಯೇಟರಿನ ಮೇಲೆ ಒಣಗಿದೆಯೆಂದೂ ಹೇಳತೊಡಗಿದಳು.